ಇಂಗ್ಲಿಷ್ ಗುಲಾಬಿಯೂ ನನ್ನ ಕತ್ತರಿಯೂ

ಹೇಳಿದ ಬೆಲೆಗೆ ನಾನು ಈವರೆಗೆ ಏನನ್ನೂ ಕೊಂಡವನಲ್ಲ. ಇದನ್ನು ಜಂಬವೆಂದು ತಿಳಿಯಬೇಡಿ. ಕೆಲವರಿಗೆ ಧೂಳು ಕಂಡರೆ ಸೀನು ಬರುವಂತೆ ನನಗೆ ಬೆಲೆ ಕೇಳಿದರೆ ಚೌಕಾಸಿ ಬರುತ್ತದೆ. ತಡೆದರೆ ಕಣ್ಣಲ್ಲಿ ನೀರು ತುಂಬುತ್ತದೆ. ತರಕಾರಿ, ಬಟ್ಟೆ, ಚಪ್ಪಲಿಗೆಲ್ಲ ಎಲ್ಲರೂ ಮಾಡುತ್ತಾರೆ. ನಾನು ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಸ್ಥಿತಿಯಲ್ಲೇ ಬೆರಳು ತೋರಿಸಿ ಚೌಕಾಸಿ ಮಾಡಿದ್ದೇನೆ. ನಮ್ಮ ಮದುವೆಗೆ ಪುರೋಹಿತರು ಬೆಳಗಿನ ಐದೂವರೆಯ ಮುಹೂರ್ತ ಇಟ್ಟಾಗ ಎರಡು ಸಲ ಎದ್ದು ಹೊರಟಂತೆ ಮಾಡಿ ಅದನ್ನು ಒಂಬತ್ತೂಕಾಲಿಗೆ ತಂದವನೂ ನಾನೇ. ‘ಐದೂವರೆಗೇ ಆಗಿದ್ರೆ ನಿಮಗೆ ಸ್ವಲ್ಪ ಬುದ್ಧಿಯಾದ್ರೂ ಬರ್ತಿತ್ತೋ ಏನೋ’ ಎಂದು ನನ್ನ ಹೆಂಡತಿ ವನಜಾ ಇವತ್ತಿಗೂ ಹೇಳುತ್ತಾಳೆ. ನಮ್ಮ ಮನೆಮಾತು ತುಳು. ನಿಮಗಾಗಿ ಅವಳ ಮಾತನ್ನು ಕನ್ನಡಕ್ಕೆ ತಂದಿದ್ದೇನೆ. ಮೂಲದಲ್ಲಿ ಖಾರ ಇನ್ನಷ್ಟು ಉಂಟು.

ಚೌಕಾಸಿಯ ಜೊತೆಗೇ ನನಗೆ ಅಂಟಿದ ಇನ್ನೊಂದು ಅಭ್ಯಾಸ ಸಲಹೆ ಕೊಡುವುದು. ಕೇಳಿದವರಿಗೆ ಕೊಡುತ್ತೇನೆ, ಕೇಳದವರಿಗೆ ಇನ್ನೂ ಹೆಚ್ಚು ಕೊಡುತ್ತೇನೆ, ಏಕೆಂದರೆ ಕೇಳಲೂ ತಿಳಿಯದವರಿಗೆ ಅದರ ಅಗತ್ಯ ಜಾಸ್ತಿ. ಒಮ್ಮೆ ಲೋಕಲ್ ಟ್ರೇನಿನಲ್ಲಿ ಡೊಂಬಿವಿಲಿಯಿಂದ ಹತ್ತಿದ ಅಪರಿಚಿತರೊಬ್ಬರಿಗೆ, ಅವರ ಮೊಣಕಾಲು ನೋವಿನಿಂದ ಹಿಡಿದು ಮಗನ ಸಂಬಂಧದವರೆಗೆ ಸಲಹೆ ಕೊಡುತ್ತಾ ಹೋದೆ. ಠಾಣೆಗೆ ಹೋಗಬೇಕಿದ್ದ ಅವರು ನಡುದಾರಿಯ ದಿವಾದಲ್ಲೇ ಇಳಿದುಬಿಟ್ಟರು. ನನ್ನ ಮಾತು ಮನಸ್ಸಿಗೆ ತಾಗಿ, ತಕ್ಷಣ ಏನೋ ಮಾಡಲು ಇಳಿದಿರಬೇಕು ಎಂದು ನಾನು ಅಂದುಕೊಂಡಿದ್ದೆ. ವನಜಾಳ ಅಭಿಪ್ರಾಯ ಬೇರೆ.

ಈ ಎರಡು ಗುಣಗಳ ಬಲದಿಂದಲೇ ನಾನು ಮೇಲೆ ಬಂದದ್ದು ಎಂಬುದು ನನ್ನ ನಂಬಿಕೆ. ಹದಿನಾರರ ವಯಸ್ಸಿನಲ್ಲಿ ಕಾರ್ಕಳದ ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದೆ. ಅಲ್ಲಿಂದ ದುಡ್ಡು ಎಣಿಸುವ ಗಲ್ಲೆಗೆ, ಗಲ್ಲೆಯಿಂದ ಸ್ವಂತ ಅಂಗಡಿಗೆ. ಈಗ ಸ್ಟೇಷನ್ನಿನ ಹತ್ತಿರ ಹೋಟೆಲುಗಳಿಗೆ ಬೇಕಾದ ಕೊಪ್ಪರಿಗೆ, ಸೌಟು, ಇಡ್ಲಿ ಪಾತ್ರೆಗಳ ವ್ಯಾಪಾರ. ಹದಿನೇಳು ವರ್ಷ ದಿವಾದ ಒಂದೇ ಖೋಲಿಯಲ್ಲಿ, ಮಧ್ಯಾಹ್ನವೂ ಲೈಟು ಹಾಕಿ ಬಾಳಿದ ಮೇಲೆ ಡೊಂಬಿವಿಲಿಯ ಈ ನೆಲಮಹಡಿಯ ಫ್ಲ್ಯಾಟು ಕೊಂಡೆವು. ನೆಲಮಹಡಿ ಯಾಕೆಂದರೆ ಅದರ ಬೆಲೆ ಇಳಿಸಲು ಸುಲಭ: ಸೊಳ್ಳೆ ಎನ್ನಬಹುದು, ಮಳೆನೀರು ಎನ್ನಬಹುದು, ಕಳ್ಳರು ಎನ್ನಬಹುದು. ನಾನು ಮೂರನ್ನೂ ಅಂದೆ. ಆದರೆ ವನಜಾ ಈ ಮನೆಯನ್ನು ಮೆಚ್ಚಿದ್ದು ಅಡುಗೆಮನೆಯ ಹಿಂಬಾಗಿಲಿಗಾಗಿ. ಬಾಗಿಲಿಗೂ ಕಾಂಪೌಂಡ್ ಗೋಡೆಗೂ ನಡುವೆ ಹನ್ನೆರಡು ಹೆಜ್ಜೆ ಉದ್ದದ ಪಟ್ಟಿಯಂಥ ಜಾಗ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಅಲ್ಲಿ ಬಿಸಿಲು ಬೀಳುತ್ತದೆ. ಅವಳು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಲು ಬಿಸಿಲಿಗೆ ಚಾಚಿ, ಚಹಾ ಕುಡಿಯುತ್ತಾಳೆ. ಆ ಹೊತ್ತಿನಲ್ಲಿ ಅವಳನ್ನು ಮಾತಾಡಿಸಬಾರದು. ನಾನೂ ಮಾತಾಡಿಸುವುದಿಲ್ಲ ಎಂದರೆ ನಿಮಗೆ ಅದರ ಗಾಂಭೀರ್ಯ ತಿಳಿದೀತು.

ಕಳೆದ ಗಣಪತಿ ಹಬ್ಬ ಮುಗಿದ ಮಾರನೆಯ ವಾರ ನಮ್ಮ ಸೊಸೈಟಿಯ ಸೆಕ್ರೆಟರಿ ಸಾಠೆ ಕಾಕಾ ಅಳತೆಯ ಟೇಪು ಹಿಡಿದು ಹಿಂದೆ ಬಂದರು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಏನನ್ನಾದರೂ ಅಳೆಯದೆ ಅವರಿಗೆ ಊಟ ಸೇರುವುದಿಲ್ಲ. ಜಾಗ ನನ್ನದಲ್ಲ, ಸೊಸೈಟಿಯದು; ಅಲ್ಲಿ ಎಂಟು ಸ್ಕೂಟರ್ ನಿಲ್ಲುತ್ತವೆ ಎಂದರು. ವನಜಾ ಕುರ್ಚಿಯಿಂದ ಏಳದೆಯೇ, ‘ಕಾಕಾ, ಇಲ್ಲಿ ಗಾರ್ಡನ್ ಮಾಡಿದ್ರೆ?’ ಎಂದು ಕೇಳಿದಳು. ಸಾಠೆ ಕಾಕಾ ನ್ಯಾಯವಂತರು. ‘ಇಪ್ಪತ್ತಾರು ಜನವರಿಗೆ ಸತ್ಯನಾರಾಯಣ ಪೂಜೆಗೆ ಎಲ್ಲ ಮೆಂಬರೂ ಬರ್ತಾರೆ, ವಹಿನಿ. ಅವತ್ತು ಇಲ್ಲಿ ಬಗೀಚಾ ಕಂಡರೆ ಬಗೀಚಾ, ಇಲ್ಲದಿದ್ರೆ ಪಾರ್ಕಿಂಗ್. ಕೈ ಎತ್ತಿಸಿ ನಿರ್ಧಾರ ಮಾಡೋಣ’ ಎಂದು ಟೇಪನ್ನು ಸುರ್ರೆಂದು ಒಳಗೆ ಸೇರಿಸಿಕೊಂಡರು.

ಅವತ್ತು ಸಂಜೆ ವನಜಾ ಮೊಬೈಲು ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಅದರಲ್ಲಿ ಒಂದು ಗುಲಾಬಿ. ನಮ್ಮ ಹೂವಾಡಿಗರ ಹತ್ತಿರ ಸಿಗುವ, ರಬ್ಬರಿನಂತೆ ನೆಟ್ಟಗೆ ನಿಲ್ಲುವ ಗುಲಾಬಿ ಅಲ್ಲ. ಬಟ್ಟಲಿನ ಆಕಾರ, ಒಳಗೆ ಎಸಳಿನ ಮೇಲೆ ಎಸಳು, ನೂರಾರು. ನೀರುದೋಸೆ ಮಡಿಚಿ ಮಡಿಚಿ ಬಟ್ಟಲಲ್ಲಿ ತುಂಬಿದ ಹಾಗೆ. ‘ಇಂಗ್ಲಿಷ್ ಗುಲಾಬಿ. ಪರಿಮಳ ಉಂಟಂತೆ. ಒಂದು ಗಿಡ ತನ್ನಿ’ ಎಂದಳು. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ವಸ್ತುಗಳನ್ನು ಒಂದು ಕೈಯಲ್ಲಿ ಎಣಿಸಬಹುದು. ನನಗೆ ರೋಮಾಂಚನವಾಯಿತು. ಆದರೆ ಒಂದು ಗಿಡವನ್ನು ಚೌಕಾಸಿ ಮಾಡುವುದು ಹೇಗೆ? ಒಂದಕ್ಕೆ ಯಾವ ಅಂಗಡಿಯವನೂ ಬಗ್ಗುವುದಿಲ್ಲ. ಆದ್ದರಿಂದ ಒಂಬತ್ತು ಕೊಳ್ಳುವುದೆಂದು ಅಲ್ಲೇ ತೀರ್ಮಾನಿಸಿದೆ.

ಕಲ್ಯಾಣದಿಂದ ಶೀಳಿಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ನರ್ಸರಿ. ನಡೆಸುವವಳು ಐವತ್ತು ದಾಟಿದ ಮರಾಠಿ ಹೆಂಗಸು. ಎಲ್ಲರೂ ಮಾವ್ಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಪುಣೆಯಿಂದ ತರಿಸಿದ ಗಿಡ, ಒಂದಕ್ಕೆ ಆರುನೂರೈವತ್ತು ಎಂದಳು. ನಾನು ಮೊದಲು ನಕ್ಕೆ. ಚೌಕಾಸಿಯಲ್ಲಿ ನಗು ಮೊದಲು ಬರಬೇಕು, ಅಂಕಿ ಆಮೇಲೆ. ಇದನ್ನು ನೀವೂ ನೆನಪಿಡಿ.

‘ಎಲೆ ಉದುರಿದೆಯಲ್ಲ, ಮಾವ್ಶಿ.’

‘ಪ್ರವಾಸ ಮಾಡಿ ಬಂದಿದೆ, ಶೇಟ್. ನೀವು ಪುಣೆಯಿಂದ ನಿಂತುಕೊಂಡು ಬಂದ್ರೆ ನಿಮ್ಮದೂ ಉದುರ್ತದೆ.’

‘ಮುಳ್ಳು ಬಹಳ ಉಂಟು.’

‘ಮುಳ್ಳಿಗೆ ಬೇರೆ ದುಡ್ಡು ಹಿಡಿದಿಲ್ಲ.’

ಎದುರಾಳಿ ಗಟ್ಟಿ ಎಂದು ತಿಳಿದು ನನಗೆ ಹುಮ್ಮಸ್ಸು ಹೆಚ್ಚಿತು. ಎದ್ದು ಹೋದೆ, ಬಂದೆ. ರಿಕ್ಷಾ ಹತ್ತಿ ಕೂತೆ, ಇಳಿದೆ. ವನಜಾ ಯಥಾಪ್ರಕಾರ ನನ್ನನ್ನು ತಿಳಿಯದವಳಂತೆ ದೂರದಲ್ಲಿ ನಿಂತು ತುಳಸಿ ಗಿಡ ನೋಡುತ್ತಿದ್ದಳು. ಮುಕ್ಕಾಲು ಗಂಟೆಯ ನಂತರ ಒಂಬತ್ತು ಗಿಡ, ತಲಾ ಮುನ್ನೂರರಂತೆ, ಮೇಲೆ ಒಂದು ಚೀಲ ಸೆಗಣಿ ಗೊಬ್ಬರ ಫುಕಟ್. ನನ್ನ ಅಂಗೈ ಬೆವರಿತ್ತು, ಮುಖದಲ್ಲಿ ತೇಜಸ್ಸು ಬಂದಿರಬೇಕು. ಗಿಡಗಳನ್ನು ಟೆಂಪೋಗೆ ಏರಿಸಿದ ಮೇಲೆ, ‘ಇನ್ನು ಇದನ್ನು ನೋಡಿಕೊಳ್ಳುವುದು ಹೇಗೆ, ಅದನ್ನಷ್ಟು ಹೇಳಿ’ ಎಂದೆ. ಮಾವ್ಶಿ ಸೆರಗಿನಿಂದ ಕೈ ಒರೆಸಿಕೊಂಡಳು. ‘ಅದು ಆರುನೂರೈವತ್ತರಲ್ಲಿ ಸೇರಿತ್ತು, ಶೇಟ್. ಮುನ್ನೂರಕ್ಕೆ ಗಿಡ ಮಾತ್ರ.’

ನಾನು ಜೋರಾಗಿ ನಕ್ಕೆ. ಸಲಹೆಯನ್ನು ದುಡ್ಡು ಕೊಟ್ಟು ಕೊಳ್ಳುವುದೆಂದರೆ, ನಮ್ಮ ಕಡಲ ಬದಿಯವರು ಪೇಟೆಯಿಂದ ಉಪ್ಪುನೀರು ತಂದ ಹಾಗೆ.

ಅಕ್ಟೋಬರಿನ ಒಂದು ಭಾನುವಾರ ಒಂಬತ್ತನ್ನೂ ಸಾಲಾಗಿ ನೆಟ್ಟೆ. ಅಂದಿನಿಂದ ನನ್ನ ನಿದ್ದೆಯೇ ಬದಲಾಯಿತು. ಐದು ಗಂಟೆಗೆ ಎಚ್ಚರವಾಗಿ, ಹಲ್ಲುಜ್ಜುವ ಮೊದಲೇ ಹಿಂಬಾಗಿಲು ತೆಗೆದು, ಯಾವ ಗಿಡ ಎಷ್ಟು ಬೆಳೆದಿದೆ ಎಂದು ಬಗ್ಗಿ ನೋಡುತ್ತಿದ್ದೆ. ಮಗಳು ಪ್ರಜ್ಞಾ ಹುಟ್ಟಿದಾಗಲೂ ನಾನು ಅಷ್ಟು ನೋಡಿರಲಿಲ್ಲವಂತೆ, ವನಜಾ ಹೇಳುತ್ತಾಳೆ. ಗೊಬ್ಬರಕ್ಕೆ ನನ್ನಲ್ಲಿ ಕೊರತೆ ಎಲ್ಲಿಯದು? ಪಾತ್ರೆ ಕೊಳ್ಳುವ ಹೋಟೆಲಿನವರೆಲ್ಲ ಪರಿಚಯ. ದಿನವೂ ಒಂದು ಬಕೆಟ್ ಕುದಿಸಿದ ಚಹಾಪುಡಿ ತಂದು ಬುಡಕ್ಕೆ ಸುರಿದೆ. ಹೋಟೆಲಿನ ಚಹಾಪುಡಿಯಲ್ಲಿ ಸಕ್ಕರೆ ಇರುತ್ತದೆ ಎಂಬುದು ನನಗಿಂತ ಮೊದಲು ಡೊಂಬಿವಿಲಿಯ ಇರುವೆಗಳಿಗೆ ತಿಳಿಯಿತು. ಇರುವೆಯನ್ನು ಓಡಿಸಲು ಬಂಗುಡೆ ತೊಳೆದ ನೀರು ಹಾಕಿದೆ. ಇರುವೆ ಹೋಗಲಿಲ್ಲ, ಬೆಕ್ಕುಗಳು ಬಂದವು. ಎರಡನೇ ಮಹಡಿಯಿಂದ ಸಾಠೆ ಕಾಕಾ ಕಿಟಕಿ ತೆಗೆದು ಮೂಗು ಮುಚ್ಚಿಕೊಂಡು ನಿಂತು, ಟೇಪನ್ನು ಒಮ್ಮೆ ಎಳೆದು ಬಿಟ್ಟರು.

ನವೆಂಬರಿನಲ್ಲಿ ಅದ್ಭುತವೊಂದು ನಡೆಯಿತು. ಗಿಡಗಳ ಬುಡದಲ್ಲಿ, ಮಣ್ಣಿಗೆ ಸ್ವಲ್ಪ ಮೇಲೆ, ಒಂದು ಗಂಟಿತ್ತು. ಗಂಟಿನ ಮೇಲಿದ್ದ ಭಾಗ ಎರಡೋ ಮೂರೋ ಎಲೆ ಇಟ್ಟುಕೊಂಡು ಮುನಿಸಿಕೊಂಡವರಂತೆ ಕೂತಿತ್ತು. ಆದರೆ ಗಂಟಿನ ಕೆಳಗಿನಿಂದ ಒಂದೊಂದು ಚಿಗುರು ಎದ್ದು, ಬೆರಳುದ್ದ, ಗೇಣುದ್ದ, ಮೊಳದುದ್ದ, ದಿನಕ್ಕೊಂದು ಅಳತೆಯಲ್ಲಿ ಬೆಳೆಯತೊಡಗಿತು. ಯಾರ ಆಸರೆಯೂ ಇಲ್ಲ, ಗೊಬ್ಬರ ಹೆಚ್ಚೋ ಕಡಿಮೆಯೋ ಎಂಬ ದೂರಿಲ್ಲ. ನೆಲದಿಂದ ಎದ್ದು ನೆಟ್ಟಗೆ ಮೇಲಕ್ಕೆ. ನನ್ನ ಕಣ್ಣು ಒದ್ದೆಯಾಯಿತು. ಅದು ನಾನೇ ಆಗಿದ್ದೆ. ಮೇಲಿನದು ಧಣಿಯ ಮಗನಂತೆ, ಎಲ್ಲ ಕೊಟ್ಟರೂ ಕೂತಲ್ಲೇ ಕೂತದ್ದು. ಕೆಳಗಿನದು ಲೋಟ ತೊಳೆದು ಮೇಲೆ ಬಂದದ್ದು. ವ್ಯಾಪಾರದಲ್ಲಿ ನನ್ನದೊಂದು ನಿಯಮ ಉಂಟು: ಓಡುವ ಮಾಲಿಗೆ ಜಾಗ ಕೊಡು, ಓಡದ್ದನ್ನು ತೆಗೆದು ಹಾಕು. ಕತ್ತರಿ ತಂದೆ. ಎಂಟು ಗಿಡಗಳಲ್ಲಿ ಗಂಟಿನ ಮೇಲಿನ ಸೋಮಾರಿಯನ್ನು ಕತ್ತರಿಸಿ, ಕೆಳಗಿನ ಕಷ್ಟಜೀವಿಗೆ ದಾರಿ ಬಿಟ್ಟುಕೊಟ್ಟೆ.

ಒಂಬತ್ತನೆಯದು ನಳದ ಪಕ್ಕದಲ್ಲಿ, ವನಜಾಳ ಕುರ್ಚಿಯ ಹತ್ತಿರ. ಅದಕ್ಕೆ ಕೈ ಹಾಕುವಾಗ ಅವಳು ಬಂದು ನಿಂತಳು.

‘ಅದನ್ನು ಮುಟ್ಟೂದು ಬೇಡ.’

‘ಎರಡೇ ಎಲೆ ಉಂಟು, ನೋಡು. ಇದರಿಂದ ಎಂತ ಆಗ್ತದೆ?’

‘ನೀವು ಊರಿಂದ ಬಂದಾಗ ನಿಮ್ಮಲ್ಲಿ ಎರಡು ಎಲೆಯಾದ್ರೂ ಇತ್ತಾ? ಇರ್ಲಿ, ಪಾಪ. ನನ್ನ ಬದಿಯಲ್ಲಿ ಕೂತುಕೊಳ್ಳಲಿ.’

ಅವಳು ಬಗ್ಗಿ, ಕೆಳಗಿನ ಕಷ್ಟಜೀವಿಯನ್ನೇ ಚಿವುಟಿ ಹಾಕಿದಳು. ಎರಡೂ ಒಟ್ಟಿಗೆ ಇದ್ದರೆ ದೊಡ್ಡದು ಸಣ್ಣದರ ಅನ್ನ ತಿನ್ನುತ್ತದೆ ಎಂಬುದು ಅವಳ ತರ್ಕ. ವ್ಯಾಪಾರ ತಿಳಿಯದ ಹೆಂಗಸು ಎಂದು ನಾನು ಸುಮ್ಮನಾದೆ. ಸುಮ್ಮನಾದೆ ಎಂದರೆ ಅವಳೊಡನೆ ಮಾತ್ರ. ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಗುಲಾಬಿ ಬೆಳೆಯುವ ಬಗ್ಗೆ ಹನ್ನೊಂದು ಧ್ವನಿಸಂದೇಶ ಕಳಿಸಿದೆ. ಕೋಪರಖೈರಣೆಯಲ್ಲಿರುವ ನನ್ನ ಭಾವ ಜಯಕರ ಬಾಲ್ಕನಿಯಲ್ಲಿ ನಾಲ್ಕು ಗುಲಾಬಿ ಇಟ್ಟಿದ್ದ. ಅವನಿಗೆ ವಿಡಿಯೋ ಕಾಲ್ ಮಾಡಿ, ಕತ್ತರಿ ಹಿಡಿಸಿ, ನಾನು ನೋಡುತ್ತಿರುವಾಗಲೇ ನಾಲ್ಕನ್ನೂ ಕತ್ತರಿಸಲು ಹಚ್ಚಿದೆ.

ಡಿಸೆಂಬರ್ ಮುಗಿಯುವಾಗ ನನ್ನ ಎಂಟು ಗಿಡಗಳು ನನ್ನ ತಲೆ ಮೀರಿದವು. ಗೋಡೆ ದಾಟಿ ಆಚೆ ಕೈ ಚಾಚಿದವು. ಏನು ಹಸಿರು, ಏನು ಮುಳ್ಳು. ನಾನು ಅಂಗಡಿಗೆ ಹೋಗುವ ಮೊದಲು ಹತ್ತು ನಿಮಿಷ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದೆ. ಒಂದೇ ಒಂದು ಸಣ್ಣ ಕೊರತೆ, ಮೊಗ್ಗು ಇರಲಿಲ್ಲ. ಬೇಲಾಪುರದಲ್ಲಿ ಆಫೀಸಿಗೆ ಹೋಗುವ ಪ್ರಜ್ಞಾ ಒಂದು ಬೆಳಿಗ್ಗೆ ಟಿಫಿನ್ ಡಬ್ಬ ಹಿಡಿದುಕೊಂಡೇ ಬಂದು ನೋಡಿದಳು. ಅವಳಿಗೆ ನಮ್ಮ ಭಾಷೆ ಎಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ. ‘ಪಪ್ಪಾ, ಮಮ್ಮೀವಾಲೇ ಕೇ ಪತ್ತೇ ಅಲಗ್ ಹೈಂ’ ಎಂದಳು. ಅಮ್ಮನ ಗಿಡದ ಎಲೆಯೇ ಬೇರೆ, ನಿನ್ನ ಗಿಡಗಳದ್ದೇ ಬೇರೆ ಎಂದು. ನಾನು, ‘ಗೊಬ್ಬರ ತಿಂದದ್ದಕ್ಕೂ ತಿನ್ನದ್ದಕ್ಕೂ ಅಷ್ಟು ವ್ಯತ್ಯಾಸ ಇರೂದೇ’ ಎಂದೆ. ಆದರೆ ಪೂಜೆಗೆ ಉಳಿದದ್ದು ಮೂರೇ ವಾರ. ಮಾರನೆಯ ದಿನ ಒಂದು ಕೊಂಬೆ ಮುರಿದುಕೊಂಡು, ದೂರು ಹೇಳಲೆಂದು, ನರ್ಸರಿಗೆ ಹೋದೆ.

ಮಾವ್ಶಿ ಕೊಂಬೆಯನ್ನು ತಿರುಗಿಸಿ ನೋಡಿದಳು. ‘ಇದು ಜಂಗ್ಲಿ. ಮೇಲಿನದು ಎಲ್ಲಿ?’

‘ಅದು ಬೆಳೀತಾ ಇರಲಿಲ್ಲ. ಕತ್ತರಿಸಿದೆ.’

‘ಎಂತದನ್ನು ಕತ್ತರಿಸಿದ್ರಿ?’

‘ಗಂಟಿನ ಮೇಲಿನದನ್ನು.’

ಅವಳು ಮೆಲ್ಲನೆ ಗೊಬ್ಬರದ ಚೀಲದ ಮೇಲೆ ಕುಳಿತಳು. ಒಳಗಿದ್ದ ನಾದಿನಿಯನ್ನು ಕರೆದಳು. ‘ಇನ್ನೊಂದು ಸಲ ಹೇಳಿ, ಶೇಟ್. ಇವಳೂ ಕೇಳಲಿ.’ ನಾನು ಹೇಳಿದೆ. ಇಬ್ಬರೂ ನಕ್ಕರು. ರಸ್ತೆಯಲ್ಲಿ ಹೋಗುತ್ತಿದ್ದ ಟ್ರಕ್ಕಿನ ಸದ್ದು ನಿಂತ ಮೇಲೂ ನಗುತ್ತಿದ್ದರು. ಇಂಗ್ಲಿಷ್ ಗುಲಾಬಿಗೆ ನಮ್ಮ ಮಣ್ಣು ಒಗ್ಗುವುದಿಲ್ಲವೆಂದು ಅದನ್ನು ಕಾಡುಗುಲಾಬಿಯ ಬೇರಿಗೆ ಕಸಿ ಕಟ್ಟುತ್ತಾರಂತೆ. ಗಂಟು ಎಂದರೆ ಆ ಕಸಿ. ಗಂಟಿನ ಮೇಲಿನದು ಇಂಗ್ಲಿಷ್, ಕೆಳಗಿನಿಂದ ಎದ್ದದ್ದು ಕಾಡು. ಕಾಡನ್ನು ಕಂಡ ಕೂಡಲೇ ಕಿತ್ತು ಹಾಕಬೇಕು, ಇಲ್ಲದಿದ್ದರೆ ಮೇಲಿನದು ಸೊರಗುತ್ತದೆ. ಅಂದರೆ ನಾನು ಎಂಟು ಇಂಗ್ಲಿಷ್ ಗುಲಾಬಿಗಳನ್ನು ಚೌಕಾಸಿ ಮಾಡಿ ತಂದು, ಚಹಾ ಕುಡಿಸಿ, ಮೀನು ತಿನ್ನಿಸಿ, ಕೊನೆಗೆ ಕೈಯಾರೆ ಕೊಂದು, ಮುಳ್ಳಿನ ಬೇಲಿ ಬೆಳೆಸಿದ್ದೆ. ಜಯಕರನದ್ದೂ ಸೇರಿದರೆ ಹನ್ನೆರಡು ಕೊಲೆ. ಒಂಬತ್ತನೆಯದು ಬದುಕಿದೆ ಎಂದು ಹೇಳಿದಾಗ ಮಾವ್ಶಿ ಕಣ್ಣೊರೆಸಿಕೊಂಡು ಎಲ್ಲ ಹೇಳಿಕೊಟ್ಟಳು: ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದ ಬೇಡ, ನೀರು ಬುಡಕ್ಕೆ, ಎಲೆಗಲ್ಲ, ಕಪ್ಪು ಚುಕ್ಕೆಯ ಎಲೆ ಕಂಡರೆ ಕೀಳಿ, ಒಣಗಿದ ಎಲೆ ಹರಡಿ ಬುಡ ತಂಪಾಗಿಡಿ, ಹೋಟೆಲಿನ ಚಹಾ ಹೋಟೆಲಿನಲ್ಲೇ ಇರಲಿ. ಇದಕ್ಕೆ ಎಷ್ಟು ಎಂದು ಕೇಳಿದೆ. ‘ಇವತ್ತು ಬೇಡ. ಇಷ್ಟು ನಗಿಸಿದಿರಲ್ಲ’ ಎಂದಳು.

ಮನೆಗೆ ಬರುವ ದಾರಿಯಲ್ಲಿ ನನಗೊಂದು ಉಪಾಯ ಹೊಳೆಯಿತು. ನರ್ಸರಿಯವರು ಮದುವೆ ಮಂಟಪಕ್ಕೆ ಹೂಕುಂಡ ಬಾಡಿಗೆಗೆ ಕೊಡುತ್ತಾರೆ. ಪೂಜೆಯ ದಿನಕ್ಕೆ ಎಂಟು ಕುಂಡ ತಂದು, ಮುಳ್ಳಿನ ಮುಂದೆ ಮಣ್ಣಲ್ಲಿ ಅರ್ಧ ಹೂತಿಟ್ಟರೆ ಸಾಠೆ ಕಾಕಾ ಅಳೆದರೂ ಗೊತ್ತಾಗದು. ವನಜಾಳಿಗೆ ಹೇಳಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು, ತುರಿಯುವುದು ನಿಂತಿತು.

‘ಬಾಡಿಗೆ ಹೂವು ಬಂದ್ರೆ ನಾನು ಮೀಟಿಂಗಿಗೆ ಬರೂದಿಲ್ಲ.’

‘ಜಾಗ ಹೋಗ್ತದೆ ಮಾರಾಯ್ತಿ.’

‘ಹೋಗ್ಲಿ. ಹದಿನೇಳು ವರ್ಷ ಬಿಸಿಲಿಲ್ಲದೆ ಇದ್ದವಳು, ಇನ್ನೂ ಇರ್ತೇನೆ.’

ಹೀಗೆ ಹೇಳಿ ಅವಳು ಮತ್ತೆ ತುರಿಯತೊಡಗಿದಳು. ಅವಳು ಜಗಳ ಮಾಡಿದ್ದರೆ ನನಗೆ ಸುಲಭವಿತ್ತು. ಆ ಮೂರು ವಾರ ನಾನು ಆ ಒಂದು ಗಿಡದ ಎದುರು ಕುಳಿತಷ್ಟು ಯಾವ ದೇವರ ಎದುರೂ ಕುಳಿತವನಲ್ಲ. ನೀರು ಅವಳೇ ಹಾಕಿದಳು, ಎಲೆಯನ್ನು ಅವಳೇ ಆರಿಸಿದಳು. ನನ್ನ ಕೆಲಸ ಬೆಕ್ಕನ್ನು ಓಡಿಸುವುದು. ಹತ್ತನೆಯ ತಾರೀಕಿನ ಸುಮಾರಿಗೆ ಒಂದು ಮೊಗ್ಗು ಕಂಡಿತು, ಬಟಾಣಿಯಷ್ಟು. ನಾನು ಅಂಗಡಿಯಿಂದ ಮಧ್ಯಾಹ್ನ ಎರಡು ಸಲ ಫೋನ್ ಮಾಡಿ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದೆ. ಇಪ್ಪತ್ತೈದರ ಬೆಳಿಗ್ಗೆ ಅದು ಅರಳಿತು. ಏಪ್ರಿಕಾಟ್ ಬಣ್ಣ ಎನ್ನುತ್ತಾರಂತೆ. ನಾನು ಹೇಳುವುದಾದರೆ ಒಳ್ಳೆಯ ತುಪ್ಪದಲ್ಲಿ ಹುರಿದ ರವೆಗೆ ಚೂರು ಕೇಸರಿ ಬಿದ್ದಾಗಿನ ಬಣ್ಣ. ಅಂಗೈ ತುಂಬುವ ಹೂವು. ಮೂಗು ಹತ್ತಿರ ತಂದರೆ ಜೇನು, ಚಹಾ, ಸ್ವಲ್ಪ ಮಾವಿನ ತೊಟ್ಟು. ಐವತ್ತೆಂಟರ ವಯಸ್ಸಿನಲ್ಲಿ ನಾನು ಹಿಂಬಾಗಿಲಲ್ಲಿ ನಿಂತು ಕುಣಿಯುವುದೊಂದು ಬಾಕಿ.

ತಕ್ಷಣ ನನ್ನೊಳಗಿನ ವ್ಯಾಪಾರಿ ಎದ್ದ. ಒಳ್ಳೆಯ ಮಾಲು ಹಿಂದಿನ ಗೋಡೌನಿನಲ್ಲಿದ್ದರೆ ಯಾರು ನೋಡುತ್ತಾರೆ? ಕತ್ತರಿಸಿ ಪೂಜೆಯ ಹರಿವಾಣದಲ್ಲಿಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕತ್ತರಿಯತ್ತ ನನ್ನ ಕಣ್ಣು ಹೋದದ್ದನ್ನು ವನಜಾ ನೋಡಿದಳು. ‘ಹೂ ಅಲ್ಲಿಗೆ ಹೋಗೂದಿಲ್ಲ. ನೋಡ್ಬೇಕಾದವರು ಇಲ್ಲಿಗೆ ಬರ್ಲಿ. ನೀವು ಕರ್ಕೊಂಡು ಬನ್ನಿ. ಆದ್ರೆ ಒಂದು ಷರತ್ತು. ಗಿಡದ ವಿಷಯದಲ್ಲಿ ಒಂದು ವರ್ಷ ಯಾರ ಎದುರೂ ಸಲಹೆ ಹೇಳ್ಲಿಕ್ಕಿಲ್ಲ. ಬಾಯಿ ಬಿಡ್ಲಿಕ್ಕಿಲ್ಲ.’ ಒಂದು ವರ್ಷ ಎಂದರೆ ಮನುಷ್ಯ ಬದುಕುವುದು ಹೇಗೆ? ನಾನು ಒಂದು ದಿನ ಎಂದೆ. ಅರ್ಧ ಗಂಟೆ ಎಳೆದಾಡಿ ಮೂರು ತಿಂಗಳಿಗೆ ಇಳಿಸಿದೆ. ಜೀವಮಾನದ ಅತ್ಯುತ್ತಮ ಚೌಕಾಸಿ ಎಂದು ಒಳಗೊಳಗೇ ಹಿಗ್ಗಿದೆ.

ಇಪ್ಪತ್ತಾರರಂದು ಬೆಳಿಗ್ಗೆ ಬೇಗನೆ ಧ್ವಜ ಹಾರಿಸಿ, ಪೂಜೆ ಮುಗಿದು, ಶಿರಾ ಪ್ರಸಾದ ಹಂಚುತ್ತಿರುವಾಗ ನಾನು ಒಬ್ಬೊಬ್ಬರನ್ನೇ ಹಿಂದೆ ಕರೆದುಕೊಂಡು ಬಂದೆ. ಮೊದಲು ಬಂದವರು ಸಾಠೆ ಕಾಕಾರ ಹೆಂಡತಿ, ಸಾಠೆ ಕಾಕು. ಹೂವಿಗೆ ಮುಖವಿಟ್ಟು ಮೂಸಿದರು, ಮತ್ತೊಮ್ಮೆ ಮೂಸಿದರು, ಆಮೇಲೆ ವನಜಾಳ ಕುರ್ಚಿಯಲ್ಲಿ ಕುಳಿತು ಕಾಲನ್ನು ಬಿಸಿಲಿಗೆ ಚಾಚಿದರು. ‘ಇಲ್ಲಿ ಇಷ್ಟು ಊನ್ ಬೀಳ್ತದಾ, ವನಜಾ? ನಮ್ಮ ಕಡೆ ಬಿಸಿಲೇ ಇಲ್ಲ, ನೋಡು. ನನ್ನ ಮೊಣಕಾಲು.’ ವನಜಾ ಅವರಿಗೆ ಚಹಾ ಕೊಟ್ಟಳು. ಅವರನ್ನು ಹುಡುಕಿಕೊಂಡು ಇಬ್ಬರು ಬಂದರು, ಆ ಇಬ್ಬರನ್ನು ಹುಡುಕಿಕೊಂಡು ನಾಲ್ವರು. ಪ್ರತಿಯೊಬ್ಬರೂ ಮೂಸಿ, ಕುರ್ಚಿ ಎಳೆದುಕೊಂಡರು. ಪೂಜೆಯ ಮಂಟಪದ ಕುರ್ಚಿಗಳೆಲ್ಲ ಒಂದೊಂದಾಗಿ ಹಿಂದೆ ಬಂದವು. ಎಲ್ಲರೂ ನನ್ನನ್ನು ಕೇಳುವವರೇ: ಇದನ್ನು ಹೇಗೆ ಬೆಳೆಸಿದಿರಿ, ಏನು ಹಾಕಿದಿರಿ, ಎಲ್ಲಿಂದ ತಂದಿರಿ. ಹನ್ನೆರಡು ಹೆಂಗಸರು, ಹನ್ನೆರಡು ಪ್ರಶ್ನೆ, ನನ್ನ ಬಾಯಲ್ಲಿ ಬೀಗ. ನಾನು ಪ್ರತಿ ಸಲವೂ ವನಜಾಳತ್ತ ಕೈ ತೋರಿಸಿದೆ. ಎಷ್ಟು ವಿನಯ ಎಂದು ಯಾರೋ ಅಂದರು. ಆ ಮಾತನ್ನು ನನ್ನ ಬಗ್ಗೆ ಯಾರೂ ಹಿಂದೆ ಅಂದದ್ದಿಲ್ಲ.

ಮೀಟಿಂಗಿಗೆ ಮುಂದೆ ಜನವೇ ಇಲ್ಲವೆಂದು ಸಾಠೆ ಕಾಕಾ ಫೈಲು ಹಿಡಿದು ಹಿಂದೆ ಬಂದರು. ಅಭ್ಯಾಸಬಲದಿಂದ ಟೇಪು ಎಳೆಯುತ್ತಾ ಗೋಡೆಯ ಕಡೆ ನಡೆದರು. ನನ್ನ ಎಂಟು ಕಷ್ಟಜೀವಿಗಳು ಅವರ ಹೊಸ ಜುಬ್ಬಾವನ್ನು ಎಂಟು ಕಡೆಯಿಂದ ಹಿಡಿದುಕೊಂಡವು. ಹೆಂಗಸರು ಬಿಡಿಸುವವರೆಗೆ ಅವರು ಕೈ ಮೇಲೆತ್ತಿ ನಿಲ್ಲಬೇಕಾಯಿತು. ಆ ಭಂಗಿಯಲ್ಲೇ, ‘ಪಾರ್ಕಿಂಗ್ ಬೇಕೆನ್ನುವವರು ಕೈ ಎತ್ತಿ’ ಎಂದರು. ಎತ್ತಿದ್ದ ಕೈ ಅವರದ್ದೊಂದೇ. ಕಾಕು ಕುರ್ಚಿಯಿಂದಲೇ, ‘ಅಹೋ, ಮೊದಲು ಕೈ ಇಳಿಸಿ’ ಎಂದರು. ಬಿಸಿಲು ಹೋಗುವವರೆಗೆ ಯಾರೂ ಏಳಲಿಲ್ಲ. ಕುಳಿತ ಹನ್ನೆರಡು ಹೆಂಗಸರನ್ನು ಎಬ್ಬಿಸಿ ಸ್ಕೂಟರ್ ನಿಲ್ಲಿಸುವ ಧೈರ್ಯ ನಮ್ಮ ಸೊಸೈಟಿಯಲ್ಲಿ ಇನ್ನೂ ಯಾರಿಗೂ ಹುಟ್ಟಿಲ್ಲ.

ಆಮೇಲಿನ ನನ್ನ ಪರಿಸ್ಥಿತಿ ಕೇಳಬೇಡಿ. ಕಟ್ಟಡದಲ್ಲಿ ಎಲ್ಲರಿಗೂ ಗುಲಾಬಿಯ ಹುಚ್ಚು ಹಿಡಿದಿದೆ. ಲಿಫ್ಟಿನಲ್ಲಿ, ಗೇಟಿನಲ್ಲಿ, ತರಕಾರಿ ಗಾಡಿಯ ಎದುರಿನಲ್ಲಿ ಜನ ತಪ್ಪು ತಪ್ಪು ಮಾತಾಡುತ್ತಾರೆ; ಮೂರನೇ ಮಹಡಿಯವರು ಎಲೆಗೆ ನೀರು ಚಿಮುಕಿಸುವುದನ್ನು ನಾನು ಕಣ್ಣಾರೆ ನೋಡಿ ಬಾಯಿಗೆ ಕೈ ಒತ್ತಿಕೊಂಡು ಒಳಗೆ ಬಂದೆ. ಇನ್ನೂ ಎರಡು ತಿಂಗಳ ಮೇಲೆ ಉಂಟು. ಆದರೆ ಒಪ್ಪಂದವನ್ನು ನಾನು ಹಿಂದುಮುಂದು ತಿರುಗಿಸಿ ನೋಡಿದೆ. ಬಾಯಿ ಬಿಡಬಾರದು ಎಂದು ಅಲ್ಲಿ ಉಂಟೇ ವಿನಾ ಪೆನ್ನು ಹಿಡಿಯಬಾರದು ಎಂದಿಲ್ಲ. ಆದ್ದರಿಂದ ಇದನ್ನು ಬರೆದಿದ್ದೇನೆ. ಕಸಿಯ ಗಂಟಿನ ಕೆಳಗೆ ಚಿಗುರಿದ್ದನ್ನು ಕೀಳಿ, ಮೇಲಿನದನ್ನು ಕಾಯಿರಿ, ಉಳಿದದ್ದನ್ನೆಲ್ಲ ಮೇಲೆ ಹೇಳಿದ್ದೇನೆ. ಇನ್ನೂ ಸಂಶಯವಿದ್ದರೆ ಧಾರಾಳವಾಗಿ ಕೇಳಿ, ಆದರೆ ದಯವಿಟ್ಟು ಬರೆದು ಕೇಳಿ. ಮನೆಗೆ ಬಂದರೆ ನಾನು ನಿಮಗೆ ಕುರ್ಚಿ ಹಾಕಿ ವನಜಾಳತ್ತ ಕೈ ತೋರಿಸಬಲ್ಲೆನಷ್ಟೆ. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತದೆ. ಬೇಸರವೆಂದರೆ, ಎರಡೇ ವಾಕ್ಯದಲ್ಲಿ ಮುಗಿದುಹೋಗುತ್ತದೆ.